ಮುಗಿಯದ ಕೆಲಸದ ಲೆಕ್ಕಾಚಾರ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಇವೆರಡೂ ಕಷ್ಟದ ಕಾರ್ಯಗಳೇ ಸರಿ. ಆದರೆ ಎರಡಕ್ಕೂ ಒಂದು ಕೊನೆಯುಂಟು. ಗೃಹಪ್ರವೇಶವಾದೊಡನೆ ಒಂದು ಮುಗಿಯುತ್ತದೆ. ಬೀಗರೂಟವಾದೊಡನೆ ಇನ್ನೊಂದು ಮುಗಿಯುತ್ತದೆ. ಕೊನೆಯೇ ಇಲ್ಲದ ಮೂರನೆಯ ಕಾರ್ಯವೊಂದನ್ನು ಗಾದೆ ಹೇಳುವುದಿಲ್ಲ: ಅದು ಕಟ್ಟಿದ ಮನೆಯನ್ನು ದಿನದಿನವೂ ನಡೆಸುವುದು. ಬೆಳಗಿದ ಪಾತ್ರೆ ಮಧ್ಯಾಹ್ನಕ್ಕೆ ಮುಸುರೆಯಾಗುತ್ತದೆ; ಗುಡಿಸಿದ ನೆಲದ ಮೇಲೆ ಸಂಜೆಗೆ ಧೂಳು ಕೂಡುತ್ತದೆ; ಒಗೆದ ಬಟ್ಟೆ ಮರುದಿನವೇ ಕೊಳೆಯಾಗುತ್ತದೆ. ತಂದೆತಾಯಿಗಳಿಬ್ಬರೂ ಉದ್ಯೋಗಕ್ಕೆ ಹೋಗಬೇಕಾದ ಮನೆಗಳಲ್ಲಿ ಈ ಕೆಲಸವನ್ನೆಲ್ಲ ಬೆಳಗಿನ ಒಂದೆರಡು ಗಂಟೆ, ರಾತ್ರಿಯ ಒಂದೆರಡು ಗಂಟೆಗಳೊಳಗೆ ಅಡಕಮಾಡಬೇಕಾಗುತ್ತದೆ.

ಇದಕ್ಕೂ ವಿಜ್ಞಾನಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಶಾಖ, ಒತ್ತಡ, ಚಲನೆ, ಕಾಲ ಇವು ಪ್ರಯೋಗಶಾಲೆಯಲ್ಲಿರುವಂತೆಯೇ ಅಡಿಗೆಮನೆಯಲ್ಲಿಯೂ ಇವೆ. ಪ್ರಯೋಗಶಾಲೆಯಲ್ಲಿ ಅವನ್ನು ಅಳೆಯುತ್ತೇವೆ, ಅಡಿಗೆಮನೆಯಲ್ಲಿ ಅಳೆಯುವುದಿಲ್ಲ, ವ್ಯತ್ಯಾಸ ಇಷ್ಟೇ. ಅಳೆದು ನೋಡಿದರೆ ಏನು ಕಾಣುತ್ತದೆಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಕೆಲಸವೆಂದರೇನು?

ಭೌತವಿಜ್ಞಾನದಲ್ಲಿ ‘ಕೆಲಸ’ ಎಂಬ ಮಾತಿಗೆ ಖಚಿತವಾದ ಅರ್ಥವಿದೆ. ಒಂದು ಬಲವು ವಸ್ತುವನ್ನು ತನ್ನ ದಿಕ್ಕಿನಲ್ಲಿ ಸ್ಥಳಾಂತರಿಸಿದರೆ ಆ ಬಲವು ಕೆಲಸ ಮಾಡಿತೆಂದು ಹೇಳುತ್ತೇವೆ. ಹತ್ತು ಲೀಟರು ನೀರನ್ನು ಒಂದು ಮೀಟರ್ ಎತ್ತರಕ್ಕೆ ಎತ್ತಿದರೆ ಆಗುವ ಕೆಲಸ ಸುಮಾರು ೯೮ ಜೂಲ್. ಅದೇ ನೀರಿನ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಸಮತಟ್ಟಾದ ನೆಲದ ಮೇಲೆ ಒಂದೇ ವೇಗದಿಂದ ನೂರು ಮೀಟರ್ ನಡೆದರೆ, ಕೊಡವನ್ನು ಹೊತ್ತ ಬಲವು ಮಾಡಿದ ಕೆಲಸ ಸೊನ್ನೆ! ಏಕೆಂದರೆ ಬಲ ಮೇಲ್ಮುಖವಾಗಿದೆ, ಚಲನೆ ಅಡ್ಡಲಾಗಿದೆ. ಅಳುವ ಕೂಸನ್ನು ಅರ್ಧಗಂಟೆ ಎತ್ತಿಕೊಂಡು ನಿಂತ ತಾಯಿಯ ಕೆಲಸವೂ ಈ ಲೆಕ್ಕದಲ್ಲಿ ಸೊನ್ನೆಯೇ.

ಹಾಗಾದರೆ ಅವಳ ತೋಳು ನೋಯುವುದೇಕೆ? ಸ್ನಾಯುವು ಗೋಡೆಗೆ ಹೊಡೆದ ಮೊಳೆಯಂತೆ ಸುಮ್ಮನೆ ಭಾರವನ್ನು ತಾಳಿಕೊಂಡಿರಲಾರದು. ಅದರ ಎಳೆಗಳು ಕ್ಷಣಕ್ಷಣವೂ ಬಿಗಿದುಕೊಳ್ಳುತ್ತ, ಸಡಿಲುತ್ತ, ಆಹಾರದಿಂದ ಬಂದ ರಾಸಾಯನಿಕ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸುತ್ತಿರುತ್ತವೆ. ಶಕ್ತಿಯ ವ್ಯಯ ನಿಜ. ನಮ್ಮ ವ್ಯಾಖ್ಯೆಯೊಳಗೆ ಮಾತ್ರ ಅದು ಬೀಳುವುದಿಲ್ಲ. ವ್ಯಾಖ್ಯೆಯ ಹೊರಗುಳಿದುದು ಇಲ್ಲವೆಂದಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಲೇಖನದ ಕೊನೆಯಲ್ಲಿ ಇದು ಬೇರೊಂದು ರೂಪದಲ್ಲಿ ಮರಳಿ ಬರುತ್ತದೆ.

ಮನೆಯು ತಾನಾಗಿ ಓರಣವಾಗದೇಕೆ?

ಅಡಿಗೆಮನೆಯ ಕಪಾಟಿನಲ್ಲಿ ಹತ್ತು ಡಬ್ಬಿಗಳಿವೆಯೆಂದು ಭಾವಿಸೋಣ. ಪ್ರತಿಯೊಂದಕ್ಕೂ ಒಂದು ನಿಯತವಾದ ಸ್ಥಾನ. ಈ ಹತ್ತು ಡಬ್ಬಿಗಳನ್ನು ಹತ್ತು ಸ್ಥಾನಗಳಲ್ಲಿ ಎಷ್ಟು ವಿಧವಾಗಿ ಇಡಬಹುದು? ಗಣಿತ ಬಲ್ಲವರಿಗೆ ಇದು ಸುಲಭ: ೩೬,೨೮,೮೦೦ ವಿಧವಾಗಿ. ಇವುಗಳಲ್ಲಿ ‘ಓರಣ’ವೆನ್ನಿಸಿಕೊಳ್ಳುವುದು ಒಂದೇ ಒಂದು, ಉಳಿದುವೆಲ್ಲ ‘ಅಸ್ತವ್ಯಸ್ತ’. ಅವಸರದಲ್ಲಿ ಡಬ್ಬಿಯನ್ನು ತೆಗೆದು ಕೈಗೆ ಬಂದ ಕಡೆ ಇಡುವ ಮನೆಯಲ್ಲಿ, ಕಪಾಟು ಆ ಒಂದೇ ಜೋಡಣೆಯಿಂದ ದೂರ ಸರಿಯುವುದು ಯಾರ ತಪ್ಪಿನಿಂದಲೂ ಅಲ್ಲ, ಕೇವಲ ಸಂಖ್ಯೆಯ ಬಲದಿಂದ.

ಉಷ್ಣಗತಿವಿಜ್ಞಾನದ ಎರಡನೆಯ ನಿಯಮದ ಹಿಂದಿರುವುದೂ ಇಂತಹದೇ ಎಣಿಕೆ. ಅಣುಗಳ ಸಮೂಹವು ಹೆಚ್ಚು ವಿಧಗಳಲ್ಲಿ ಸಾಧ್ಯವಾಗುವ ಸ್ಥಿತಿಯ ಕಡೆಗೆ ತಾನಾಗಿ ಸಾಗುತ್ತದೆ. ಹಿಂದಕ್ಕೆ ತರಬೇಕಾದರೆ ಹೊರಗಿನಿಂದ ಶಕ್ತಿಯನ್ನು ವ್ಯಯಿಸಬೇಕು. ಡಬ್ಬಿಗಳು ಅಣುಗಳಂತೆ ತಾವಾಗಿ ಓಡಾಡುವುದಿಲ್ಲವಾದ್ದರಿಂದ ಈ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಆದರೂ ಎಣಿಕೆಯ ಪಾಠ ಎರಡು ಕಡೆಯೂ ಒಂದೇ.

ಆ ಪಾಠದಿಂದ ಒಂದು ಉಪಾಯ ಹೊರಡುತ್ತದೆ. ಪ್ರತಿ ಡಬ್ಬಿಗೂ ಒಂದೊಂದು ಸ್ಥಾನವೆಂಬ ನಿಯಮವನ್ನು ಸಡಿಲಿಸಿ, ಒಗ್ಗರಣೆಯ ಸಾಮಗ್ರಿಯ ಮೂರು ಡಬ್ಬಿಗಳು ಮೇಲಿನ ಸಾಲಿನಲ್ಲಿ, ಬೇಳೆಕಾಳಿನ ನಾಲ್ಕು ನಡುವಿನ ಸಾಲಿನಲ್ಲಿ, ಹಿಟ್ಟು ರವೆಗಳ ಮೂರು ಕೆಳಗಿನ ಸಾಲಿನಲ್ಲಿ ಇದ್ದರೆ ಸಾಕು, ಸಾಲಿನೊಳಗೆ ಹೇಗಾದರೂ ಇರಲಿ ಎಂದುಕೊಳ್ಳೋಣ. ಈಗ ಒಪ್ಪಿಗೆಯಾಗುವ ಜೋಡಣೆಗಳು ಒಂದಲ್ಲ, ೬×೨೪×೬, ಎಂದರೆ ೮೬೪. ಬೇಕಾದ ಡಬ್ಬಿಯನ್ನು ಹುಡುಕುವುದು ಹೆಚ್ಚು ಕಡಿಮೆ ಮೊದಲಿನಷ್ಟೇ ಸುಲಭ. ಓರಣವನ್ನು ಕಾಯುವ ಶ್ರಮ ಮಾತ್ರ ಬಹುಮಟ್ಟಿಗೆ ತಗ್ಗಿತು. ಪರಿಪೂರ್ಣವಾದ ಓರಣವು ದುಬಾರಿ, ಸಾಕಾಗುವಷ್ಟು ಓರಣವು ಅಗ್ಗ. ಬಿಡುವಿಲ್ಲದ ಗೃಹಸ್ಥರು ಅರಿಯಬೇಕಾದ ಮೊದಲ ತತ್ತ್ವವಿದು.

ಒಲೆಯ ಮುಂದೆ

ಇನ್ನು ಅಡಿಗೆಯ ವಿಷಯ. ಸಮುದ್ರಮಟ್ಟದಲ್ಲಿ ನೀರು ೧೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆ. ಸುಮಾರು ೯೦೦ ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾಯುವಿನ ಒತ್ತಡ ಕಡಿಮೆಯಾದ್ದರಿಂದ ೯೭ ಡಿಗ್ರಿಯಲ್ಲಿಯೇ ಕುದಿಯುತ್ತದೆ. ಒಮ್ಮೆ ಕುದಿಯಲಾರಂಭಿಸಿದ ಮೇಲೆ ಉರಿಯನ್ನು ಎಷ್ಟು ಹೆಚ್ಚಿಸಿದರೂ ತೆರೆದ ಪಾತ್ರೆಯ ನೀರಿನ ಉಷ್ಣತೆ ಏರುವುದಿಲ್ಲ. ಹೆಚ್ಚಿನ ಶಾಖವೆಲ್ಲ ನೀರನ್ನು ಆವಿಯಾಗಿಸುವುದಕ್ಕೆ ವೆಚ್ಚವಾಗುತ್ತದೆ. ಒಂದು ಗ್ರಾಂ ನೀರನ್ನು ೨೭ ಡಿಗ್ರಿಯಿಂದ ೯೭ ಡಿಗ್ರಿಗೆ ಕಾಯಿಸಲು ಸುಮಾರು ೨೯೩ ಜೂಲ್ ಸಾಕು. ಅದನ್ನೇ ಆವಿಯಾಗಿಸಲು ಸುಮಾರು ೨,೨೬೦ ಜೂಲ್ ಬೇಕು. ಎಂದರೆ ಏಳೂವರೆ ಪಾಲಿಗಿಂತಲೂ ಹೆಚ್ಚು. ಆದುದರಿಂದ ಕೊತಕೊತನೆ ಕುದಿಸಿದ ಮಾತ್ರಕ್ಕೆ ಬೇಳೆ ಬೇಗ ಬೇಯುವುದಿಲ್ಲ. ಅನಿಲ ಮಾತ್ರ ಬೇಗ ತೀರುತ್ತದೆ.

ಉಷ್ಣತೆಯನ್ನೇ ಏರಿಸಬೇಕಾದರೆ ಒತ್ತಡವನ್ನು ಏರಿಸಬೇಕು. ೧೬೭೯ರಲ್ಲಿ ಫ್ರಾನ್ಸಿನ ಡೆನಿಸ್ ಪಾಪಿನ್ ಎಂಬಾತನು ಗಟ್ಟಿಯಾಗಿ ಮುಚ್ಚಿದ ಪಾತ್ರೆಯಲ್ಲಿ ಆವಿಯನ್ನು ಕೂಡಿಹಾಕಿ ಮೂಳೆಗಳನ್ನೂ ಮೆತ್ತಗಾಗುವಂತೆ ಬೇಯಿಸುವ ಸಾಧನವೊಂದನ್ನು ನಿರ್ಮಿಸಿದನು. ನಮ್ಮ ಪ್ರೆಷರ್ ಕುಕ್ಕರು ಅದರ ವಂಶಸ್ಥ. ಇದರ ಮೇಲಿನ ತೂಕವು ಸುಮಾರು ಒಂದು ವಾಯುಮಂಡಲದಷ್ಟು ಹೆಚ್ಚುವರಿ ಒತ್ತಡವನ್ನು ತಡೆದು ನಿಲ್ಲಿಸುವುದರಿಂದ ಒಳಗಿನ ಉಷ್ಣತೆ ೧೨೦ ಡಿಗ್ರಿಯ ಸಮೀಪಕ್ಕೆ ಏರುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚು ಕಡಿಮೆ ಎರಡರಷ್ಟಾಗುತ್ತದೆಂಬ ಸ್ಥೂಲ ನಿಯಮವನ್ನು ಅನ್ವಯಿಸಿದರೆ, ಇಪ್ಪತ್ತು ಡಿಗ್ರಿಗೆ ವೇಗ ನಾಲ್ಕರಷ್ಟು. ಮುಕ್ಕಾಲು ಗಂಟೆಯ ಬೇಳೆ ಹನ್ನೆರಡು ನಿಮಿಷದಲ್ಲಿ ಬೇಯುವ ರಹಸ್ಯವಿದು. ಕುಕ್ಕರು ಕೂಗಿದಾಗ ಹೊರಬೀಳುವುದು ಬೇಡವಾದ ಆವಿ. ಮೊದಲನೆಯ ಕೂಗಾದೊಡನೆ ಉರಿಯನ್ನು ತಗ್ಗಿಸಿದರೂ ಒಳಗಿನ ಉಷ್ಣತೆ ಹಾಗೆಯೇ ಉಳಿಯುತ್ತದೆ. ಬೇಯುವುದಕ್ಕೆ ಬೇಕಾದುದು ಕಾಲ, ಕೂಗಿನ ಸಂಖ್ಯೆಯಲ್ಲ.

ಶಾಖವು ಘನವಸ್ತುವಿನೊಳಕ್ಕೆ ಇಳಿಯುವ ಕಾಲವು ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ. ಆಲೂಗಡ್ಡೆಯ ತುಂಡಿನ ದಪ್ಪವನ್ನು ಅರ್ಧಮಾಡಿದರೆ ಅದರ ನಡುವಿಗೆ ಶಾಖ ತಲುಪುವ ಕಾಲ ಕಾಲುಭಾಗವಾಗುತ್ತದೆ. ಹಾಗಾದರೆ ಎಲ್ಲವನ್ನೂ ಸಣ್ಣಗೆ ಹೆಚ್ಚುವುದೇ ಲೇಸೆ? ಇಲ್ಲಿ ಎಚ್ಚರ ಬೇಕು. ಹೆಚ್ಚುವುದು ಕೈಯ ಕೆಲಸ, ಬೇಯಿಸುವುದು ಒಲೆಯ ಕೆಲಸ. ಒಲೆಯ ಐದು ನಿಮಿಷವನ್ನು ಉಳಿಸಲು ಕೈಯ ಹತ್ತು ನಿಮಿಷವನ್ನು ವೆಚ್ಚಮಾಡಿದರೆ ಅದು ನಷ್ಟದ ವ್ಯಾಪಾರ. ಕಡಲೆಯನ್ನು ರಾತ್ರಿಯೇ ನೆನೆಹಾಕುವ ನಮ್ಮ ಹಿರಿಯರ ಪದ್ಧತಿ ಲಾಭದ ವ್ಯಾಪಾರ: ನೀರು ಮೆಲ್ಲಮೆಲ್ಲನೆ ಕಾಳಿನೊಳಕ್ಕೆ ಇಳಿಯುವ ಎಂಟು ಗಂಟೆಯ ಕೆಲಸಕ್ಕೆ ಕೈಯಿಂದ ಬೇಕಾದುದು ಒಂದು ನಿಮಿಷ ಮಾತ್ರ. ಉಂಡ ಪಾತ್ರೆಗೆ ಒಡನೆಯೇ ನೀರು ಬಿಡುವುದೂ ಹಾಗೆಯೇ. ಅನ್ನದ ಗಂಜಿ ಒಣಗಿದರೆ ಗೋಂದಿನಂತೆ ಅಂಟುತ್ತದೆ. ತೇವವಾಗಿದ್ದರೆ ಒಂದೇ ಉಜ್ಜಿಗೆ ಬಿಡುತ್ತದೆ.

ಕೈಯ ಹೊತ್ತು, ಗಡಿಯಾರದ ಹೊತ್ತು

ಕೈ ಮಾಡುವ ಕೆಲಸ ಬೇರೆ, ತಾನಾಗಿ ನಡೆಯುವ ಕೆಲಸ ಬೇರೆ ಎಂಬ ಈ ಭೇದವೇ ಮುಂದಿನ ವಿಚಾರದ ಬೀಗದ ಕೈ. ಪ್ರಸ್ತುತ ಲೇಖಕನು ತನ್ನ ಮನೆಯಲ್ಲಿ ಒಂದು ಬೆಳಗ್ಗೆ ಗಡಿಯಾರವನ್ನು ಹಿಡಿದು ಗುರುತುಮಾಡಿಕೊಂಡ ಕಾಲಗಳನ್ನು ಇಲ್ಲಿ ಕೊಡುತ್ತೇನೆ. ಅಕ್ಕಿ ಬೇಳೆ ತೊಳೆದು ಕುಕ್ಕರು ಏರಿಸಲು ೬ ನಿಮಿಷ; ಕುಕ್ಕರು ಒಲೆಯ ಮೇಲಿರುವುದು ೨೦; ಆವಿ ಇಳಿಯುವುದು ೧೦; ತರಕಾರಿ ಹೆಚ್ಚಲು ೧೨; ಹುಳಿ ಕುದಿಸಿ ಒಗ್ಗರಣೆ ಹಾಕಲು ೧೨; ಬುತ್ತಿಯ ಡಬ್ಬಿಗಳನ್ನು ತುಂಬಲು ೭. ಬಟ್ಟೆಯನ್ನು ವಿಂಗಡಿಸಿ ಒಗೆಯುವ ಯಂತ್ರಕ್ಕೆ ಹಾಕಲು ೪. ಯಂತ್ರ ನಡೆಯುವುದು ೪೫. ಬಟ್ಟೆ ಹರವಲು ೧೦. ಎಲ್ಲವನ್ನೂ ಕೂಡಿದರೆ ೧೨೬ ನಿಮಿಷ. ಆದರೆ ಇದರಲ್ಲಿ ಕೈ ತೊಡಗಿರುವುದು ೫೧ ನಿಮಿಷ ಮಾತ್ರ. ಉಳಿದ ೭೫ ನಿಮಿಷ ಶಾಖದ್ದು ಮತ್ತು ವಿದ್ಯುತ್ತಿನದು.

ನಾನು ಮೊದಲು ತರಕಾರಿ ಹೆಚ್ಚಿದೆನು. ಅನಂತರ ಕುಕ್ಕರು ಏರಿಸಿ, ಬಳಿಕ ಯಂತ್ರಕ್ಕೆ ಬಟ್ಟೆ ಹಾಕಿದೆನು. ಬಟ್ಟೆ ಹರವಿ ಮುಗಿದಾಗ ೭೭ ನಿಮಿಷಗಳಾಗಿದ್ದುವು. ಕಾಗದದ ಮೇಲೆ ಲೆಕ್ಕ ಹಾಕಿದಾಗ ತಪ್ಪು ಕಂಡಿತು. ಮೊದಲು ಕುಕ್ಕರು, ಒಡನೆಯೇ ಯಂತ್ರ, ಆಮೇಲೆ ತರಕಾರಿ ಎಂದು ಕ್ರಮವನ್ನು ಬದಲಿಸಿದರೆ ಅದೇ ಕೆಲಸಗಳು, ಅದೇ ಒಬ್ಬನ ಕೈಯಿಂದ, ೬೫ ನಿಮಿಷಗಳಲ್ಲಿ ಮುಗಿಯುತ್ತವೆ. ಒಂದು ಕೆಲಸವನ್ನೂ ಬಿಟ್ಟಿಲ್ಲ, ಒಂದನ್ನೂ ಅವಸರಪಡಿಸಿಲ್ಲ; ೧೨ ನಿಮಿಷ ಉಳಿಯಿತು. ಇಪ್ಪತ್ತೆರಡನೆಯ ನಿಮಿಷದಿಂದ ಮೂವತ್ತಾರನೆಯ ನಿಮಿಷದವರೆಗೆ ಕೈ ಬರಿದಾಗಿರುವುದರಿಂದ ಕುಳಿತು ಕಾಫಿ ಕುಡಿಯಲೂ ಅವಕಾಶ ದೊರೆಯಿತು.

ಇದು ಯಂತ್ರಶಿಲ್ಪಿಗಳಿಗೆ ತಿಳಿದ ವಿಧಾನ. ೧೯೫೦ರ ದಶಕದ ಕೊನೆಯಲ್ಲಿ ಅಮೆರಿಕದ ಡುಪಾಂಟ್ ರಾಸಾಯನಿಕ ಸಂಸ್ಥೆಯವರು ತಮ್ಮ ಕಾರ್ಖಾನೆಗಳ ನಿರ್ಮಾಣಕ್ಕಾಗಿ ಇದನ್ನು ರೂಪಿಸಿದರು. ಒಂದಾದ ಮೇಲೊಂದು ನಡೆಯಲೇಬೇಕಾದ ಕೆಲಸಗಳ ಸರಪಣಿಗಳನ್ನು ಬರೆದು, ಅವುಗಳಲ್ಲಿ ಅತ್ಯಂತ ಉದ್ದವಾದುದನ್ನು ಗುರುತಿಸಬೇಕು. ಇಡೀ ಕಾರ್ಯವು ಅದಕ್ಕಿಂತ ಬೇಗ ಮುಗಿಯುವುದು ಸಾಧ್ಯವಿಲ್ಲ. ನಮ್ಮ ಉದಾಹರಣೆಯಲ್ಲಿ ಅಡಿಗೆಯ ಸರಪಣಿ ೫೫ ನಿಮಿಷ, ಬಟ್ಟೆಯದು ೫೯ ನಿಮಿಷ.

ಇಬ್ಬರು ಸೇರಿದರೆ? ಒಬ್ಬರು ಕುಕ್ಕರು, ಹುಳಿ, ಡಬ್ಬಿಗಳನ್ನೂ ಇನ್ನೊಬ್ಬರು ಬಟ್ಟೆ, ತರಕಾರಿಗಳನ್ನೂ ವಹಿಸಿಕೊಂಡರೆ ೫೯ ನಿಮಿಷಗಳಲ್ಲಿ ಮುಗಿಯುತ್ತದೆ. ಗಡಿಯಾರದಲ್ಲಿ ಉಳಿದುದು ೬ ನಿಮಿಷ ಮಾತ್ರ. ಇದನ್ನು ನೋಡಿ, ನಾನು ಸೇರಿ ಏನು ಪ್ರಯೋಜನವಾಯಿತೆಂದು ಎರಡನೆಯವರು ಕೇಳಬಹುದು. ಅವರು ಗಡಿಯಾರವನ್ನಲ್ಲ, ಕೈಗಳನ್ನು ನೋಡಬೇಕು: ಒಬ್ಬರ ಮೇಲಿದ್ದ ೫೧ ನಿಮಿಷಗಳ ಶ್ರಮವು ಈಗ ೨೫ ಮತ್ತು ೨೬ ಆಗಿ ಹಂಚಿಹೋಗಿದೆ.

ಹನ್ನೆರಡು ಮಕ್ಕಳ ತಾಯಿ

ಮನೆಗೆಲಸವನ್ನು ಹೀಗೆ ಅಳೆದವರಲ್ಲಿ ಪ್ರಸಿದ್ಧರು ಅಮೆರಿಕದ ಲಿಲಿಯನ್ ಗಿಲ್‌ಬ್ರೆತ್. ಇವರ ಪತಿ ಫ್ರಾಂಕ್ ಗಿಲ್‌ಬ್ರೆತ್ ಇಟ್ಟಿಗೆ ಕಟ್ಟುವವರ ಕೈಚಲನೆಯನ್ನು ಪರೀಕ್ಷಿಸಿ, ಒಂದು ಇಟ್ಟಿಗೆಗೆ ಬೇಕಾಗಿದ್ದ ೧೮ ಚಲನೆಗಳನ್ನು ಐದಕ್ಕೆ ಇಳಿಸಿದವರು. ಲಿಲಿಯನ್ ೧೯೧೫ರಲ್ಲಿ ಬ್ರೌನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. ದಂಪತಿಗಳಿಗೆ ಹನ್ನೆರಡು ಮಕ್ಕಳು. ಒಬ್ಬಳು ಬಾಲ್ಯದಲ್ಲಿಯೇ ತೀರಿಕೊಂಡಳು. ೧೯೨೪ರಲ್ಲಿ ಫ್ರಾಂಕ್ ಹಠಾತ್ತಾಗಿ ಮೃತರಾದಾಗ ಹನ್ನೊಂದು ಮಕ್ಕಳ ಪೋಷಣೆಯ ಭಾರ ಲಿಲಿಯನ್ನರ ಮೇಲೆ ಬಿದ್ದಿತು. ಕಾರ್ಖಾನೆಗಳ ವಿಷಯದಲ್ಲಿ ಒಬ್ಬ ಸ್ತ್ರೀಯ ಸಲಹೆಯನ್ನು ಕೇಳಲು ಅಂದಿನ ಉದ್ಯಮಿಗಳು ಹಿಂಜರಿದರು. ಅಡಿಗೆಮನೆಯ ವಿಷಯದಲ್ಲಾದರೆ ಕೇಳಬಹುದೆಂದು ಅವರಿಗೆ ತೋರಿತು. ಲಿಲಿಯನ್ ತಮ್ಮ ಶಾಸ್ತ್ರವನ್ನು ಅಲ್ಲಿಗೇ ಒಯ್ದರು.

ಒಲೆ, ತೊಟ್ಟಿ, ಸಾಮಾನಿನ ಕಪಾಟು, ಹೆಚ್ಚುವ ಕಟ್ಟೆ ಇವು ಒಂದಕ್ಕೊಂದು ದೂರವಿದ್ದರೆ ದಿನಕ್ಕೆ ಎಷ್ಟು ಹೆಜ್ಜೆ ವ್ಯರ್ಥವಾಗುತ್ತದೆಂಬುದನ್ನು ಅವರು ಎಣಿಸಿದರು. ಒಂದು ಬಗೆಯ ಹಣ್ಣಿನ ಕೇಕನ್ನು ಮಾಡಲು ಹಳೆಯ ರೀತಿಯ ಅಡಿಗೆಮನೆಯಲ್ಲಿ ೨೮೧ ಹೆಜ್ಜೆಗಳು ಬೇಕಾದರೆ, ಅವರು ಮರುಜೋಡಿಸಿದ ಅಡಿಗೆಮನೆಯಲ್ಲಿ ೪೫ ಹೆಜ್ಜೆಗಳು ಸಾಕಾದುವು. ೧೯೩೫ರಲ್ಲಿ ಅವರು ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ೧೯೭೨ರಲ್ಲಿ ನಿಧನ ಹೊಂದಿದರು. ಸ್ವತಃ ಅವರು ಅಡಿಗೆಯಲ್ಲಿ ನಿಪುಣರಾಗಿರಲಿಲ್ಲ, ಮನೆಯಲ್ಲಿ ಕೆಲಸದವರಿದ್ದರು. ಆದರೆ ಆ ಮನೆಯಲ್ಲಿ ಇನ್ನೂ ಒಂದು ಏರ್ಪಾಡಿತ್ತು. ತಂದೆತಾಯಿ ಮಕ್ಕಳೆಲ್ಲ ಸೇರಿ ಸಭೆ ನಡೆಸಿ, ಯಾರು ಯಾವ ಕೆಲಸವನ್ನು ಮಾಡಬೇಕೆಂದು ನಿರ್ಧರಿಸುತ್ತಿದ್ದರು. ಹೆಜ್ಜೆಗಳನ್ನು ಉಳಿಸುವುದು ಎಷ್ಟು ಮುಖ್ಯವೋ ಹೆಜ್ಜೆಗಳನ್ನು ಹಂಚಿಕೊಳ್ಳುವುದೂ ಅಷ್ಟೇ ಮುಖ್ಯ.

ಲೆಕ್ಕಕ್ಕೆ ಬಾರದ ಕೆಲಸ

ಯಂತ್ರಗಳು ಬಂದಮೇಲೆ ಈ ಸಮಸ್ಯೆ ಪರಿಹಾರವಾಗಿರಬೇಕಲ್ಲವೆ? ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ ೧೯೮೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ವಿಚಿತ್ರವಾದ ಉತ್ತರ ಕೊಟ್ಟಿದ್ದಾರೆ. ಯಂತ್ರಗಳು ಮೈಮುರಿಯುವ ಶ್ರಮವನ್ನು ಕಡಮೆಮಾಡಿದುವು ನಿಜ. ಆದರೆ ಗೃಹಿಣಿಯ ಹೊತ್ತನ್ನು ನಾವು ಊಹಿಸುವಷ್ಟು ಉಳಿಸಲಿಲ್ಲ. ಒಗೆಯುವುದು ಸುಲಭವಾದಂತೆ ಜನ ಹೆಚ್ಚು ಸಲ ಬಟ್ಟೆ ಬದಲಾಯಿಸತೊಡಗಿದರು. ಹಿಂದೆ ಗಂಡಸರೂ ಮಕ್ಕಳೂ ಮಾಡುತ್ತಿದ್ದ ಸೌದೆ, ನೀರು ಮುಂತಾದ ಕೆಲಸಗಳು ಇಲ್ಲವಾದುವು. ಉಳಿದುದೆಲ್ಲ ತಾಯಿಯೊಬ್ಬಳ ಪಾಲಿಗೆ ಬಂದಿತು.

ನಮ್ಮ ದೇಶದ ಸ್ಥಿತಿಯನ್ನು ಅಂಕಿಗಳಿಂದಲೇ ನೋಡೋಣ. ೨೦೧೯ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯವರು, ಆರು ವರ್ಷಕ್ಕೆ ಮೇಲ್ಪಟ್ಟವರು ದಿನದ ೨೪ ಗಂಟೆಗಳನ್ನು ಹೇಗೆ ಕಳೆಯುತ್ತಾರೆಂಬುದನ್ನು ದೇಶಾದ್ಯಂತ ವಿಚಾರಿಸಿದರು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ ೨೯೯ ನಿಮಿಷಗಳನ್ನೂ, ಗಂಡಸರು ೯೭ ನಿಮಿಷಗಳನ್ನೂ ಅದಕ್ಕಾಗಿ ವಿನಿಯೋಗಿಸುತ್ತಿದ್ದರು. ೨೦೨೪ರ ಸಮೀಕ್ಷೆಯಲ್ಲಿ ಈ ಅಂಕಿಗಳು ೨೮೯ ಮತ್ತು ೮೮. ಮೇಲುನೋಟಕ್ಕೆ ಒಂದಕ್ಕೆ ಮೂರರ ಪ್ರಮಾಣ. ಆದರೆ ಸರಾಸರಿಗಳನ್ನು ಓದುವಾಗ ಯಾರ ಸರಾಸರಿಯೆಂದು ಕೇಳಬೇಕು. ಇವು ಮನೆಗೆಲಸದಲ್ಲಿ ತೊಡಗಿದವರ ಸರಾಸರಿಗಳು. ೨೦೧೯ರಲ್ಲಿ ಒಂದು ದಿನದಲ್ಲಿ ಹಾಗೆ ತೊಡಗಿದವರು ಹೆಂಗಸರಲ್ಲಿ ಶೇಕಡ ೮೧.೨, ಗಂಡಸರಲ್ಲಿ ಶೇಕಡ ೨೬.೧ ಮಾತ್ರ. ಗುಣಿಸಿ ನೋಡಿದರೆ, ತೊಡಗದವರನ್ನೂ ಸೇರಿಸಿದಾಗ, ಹೆಂಗಸರಿಗೆ ತಲಾ ಸುಮಾರು ೨೪೩ ನಿಮಿಷ, ಗಂಡಸರಿಗೆ ತಲಾ ಸುಮಾರು ೨೫ ನಿಮಿಷ. ಪ್ರಮಾಣ ಒಂದಕ್ಕೆ ಮೂರಲ್ಲ, ಹತ್ತರ ಸಮೀಪ.

ಈ ಹೊತ್ತಿಗೆ ಬೆಲೆಯಿಲ್ಲ. ರಾಷ್ಟ್ರದ ಒಟ್ಟು ಉತ್ಪನ್ನವನ್ನು ಎಣಿಸುವಾಗ ತಮ್ಮ ಮನೆಯವರಿಗಾಗಿ ಮಾಡಿದ ಅಡಿಗೆ, ಒಗೆತ, ಶಿಶುಪಾಲನೆಗಳನ್ನು ಅರ್ಥಶಾಸ್ತ್ರಜ್ಞರು ಸೇರಿಸುವುದಿಲ್ಲ. ಕೂಸನ್ನು ಎತ್ತಿಕೊಂಡು ನಿಂತವಳ ಕೆಲಸವನ್ನು ಭೌತವಿಜ್ಞಾನಿ ಸೊನ್ನೆಯೆಂದನು, ಅರ್ಥಶಾಸ್ತ್ರಜ್ಞನೂ ಸೊನ್ನೆಯೆಂದನು. ಇಬ್ಬರೂ ತಮ್ಮ ತಮ್ಮ ವ್ಯಾಖ್ಯೆಯೊಳಗೆ ಸರಿಯೇ. ತೋಳು ನೋಯುವುದೂ ನಿಜವೇ.

ಈ ಪತ್ರಿಕೆಯನ್ನು ಓದುವ ವಿದ್ಯಾರ್ಥಿಗಳಿಗೆ ಒಂದು ಪ್ರಯೋಗವನ್ನು ಸೂಚಿಸುತ್ತೇನೆ. ಇದಕ್ಕೆ ಬೇಕಾದ ಉಪಕರಣಗಳು ಒಂದು ಗಡಿಯಾರ, ಒಂದು ನೋಟುಪುಸ್ತಕ. ಒಂದು ವಾರ ನಿಮ್ಮ ಮನೆಯಲ್ಲಿ ಯಾರು, ಯಾವ ಕೆಲಸವನ್ನು, ಎಷ್ಟು ಹೊತ್ತು ಮಾಡುವರೆಂಬುದನ್ನು ಬರೆದಿಡಿ. ಕೈಯ ಹೊತ್ತನ್ನೂ ಗಡಿಯಾರದ ಹೊತ್ತನ್ನೂ ಬೇರೆಬೇರೆಯಾಗಿ ಗುರುತಿಸಿ. ತೊಗರಿಬೇಳೆ ತೀರುತ್ತ ಬಂದಿದೆಯೆಂದೂ, ತಮ್ಮನ ಸಮವಸ್ತ್ರ ನಾಳೆಗೆ ಒಣಗಬೇಕೆಂದೂ ನೆನಪಿಡುವವರು ಯಾರೆಂಬುದನ್ನು ಇನ್ನೊಂದು ಅಂಕಣದಲ್ಲಿ ಬರೆಯಿರಿ, ನೆನಪಿಡುವುದೂ ಕೆಲಸವೇ. ವಾರದ ಕೊನೆಯಲ್ಲಿ ಅಂಕಣಗಳನ್ನು ಕೂಡಿ ನೋಡಿ.

ಆಮೇಲೆ ಯಾವುದಾದರೂ ಒಂದು ಸರಪಣಿಯನ್ನು ಮೊದಲಿನಿಂದ ಕೊನೆಯವರೆಗೆ ನಿಮ್ಮದನ್ನಾಗಿ ಮಾಡಿಕೊಳ್ಳಿ. ಬಟ್ಟೆಯದಾದರೆ, ವಿಂಗಡಿಸುವುದರಿಂದ ಮಡಿಸಿ ಇಡುವವರೆಗೆ. “ಅಮ್ಮ, ಏನು ಮಾಡಲಿ?” ಎಂದು ದಿನವೂ ಕೇಳುವವರು ಕೈಯ ಭಾರವನ್ನು ಇಳಿಸುತ್ತಾರೆ, ನೆನಪಿನ ಭಾರವನ್ನು ಅಲ್ಲಿಯೇ ಬಿಡುತ್ತಾರೆ. ಕೇಳದೆಯೇ ಮಾಡುವವರು ಎರಡನ್ನೂ ಇಳಿಸುತ್ತಾರೆ. ಮನೆಗೆಲಸಕ್ಕೆ ಕೊನೆಯಿಲ್ಲವೆಂಬುದನ್ನು ನಿಸರ್ಗದ ನಿಯಮವೇ ವಿಧಿಸಿದೆ; ಅದು ಒಬ್ಬರ ಮೇಲೆಯೇ ಬೀಳಬೇಕೆಂದು ಯಾವ ನಿಯಮವೂ ವಿಧಿಸಿಲ್ಲ.